ಕೈಗೆ ತಕ್ಕ ಗಡಿಯಾರ

ನಮ್ಮ ನೆರೆಮನೆಯ ಡ್ರಿಲ್ ಮಾಸ್ತರರು ಕುಂಬಳೆ ಸೀಮೆಯ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಮಕ್ಕಳನ್ನು ಓಡಿಸಿದವರು. ಅಷ್ಟು ಕಾಲವೂ ಅವರ ಕೊರಳಲ್ಲಿ ಶಾಲೆಯ ಸ್ಟಾಪ್ ವಾಚೊಂದು ತೂಗುತ್ತಿತ್ತು. ನಿವೃತ್ತಿಯ ದಿನ ಅದನ್ನು ತೆಗೆದು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟು, ರಶೀದಿ ಪಡೆದು ಮನೆಗೆ ಬಂದರು. ಆ ಸಂಜೆ ಜಗಲಿಯಲ್ಲಿ ಕುಳಿತು ಮಾತಾಡುತ್ತಿದ್ದಾಗ ಅವರ ಕೈ ಎರಡು ಮೂರು ಸಲ ಎದೆಯ ಬಳಿಗೆ ಹೋಗಿ ಬರಿದೇ ಹಿಂದಿರುಗಿದುದನ್ನು ನಾವು ಕಂಡೆವು. ಅವರ ಮಗನೂ ಕಂಡಿರಬೇಕು. ದುಬೈಯಲ್ಲಿ ಉದ್ಯೋಗದಲ್ಲಿರುವ ಆತ ಮರುವರ್ಷದ ಬಿಸುವಿಗೆ ಊರಿಗೆ ಬರುವಾಗ ತಂದೆಗೆಂದು ಒಂದು ಕ್ರೋನೋಗ್ರಾಫ್ ಗಡಿಯಾರವನ್ನು ತಂದನು. ಕಣಿಯಲ್ಲಿ ಸೌತೆಕಾಯಿ, ಕನ್ನಡಿ, ಚಿನ್ನಗಳ ನಡುವೆ ಅದನ್ನೂ ಇರಿಸಲಾಗಿತ್ತು. ಬೆಲೆಯನ್ನು ಆತ ಹೇಳಲಿಲ್ಲ. ಸೊಸೆ ನಮ್ಮ ಮನೆಯವರೊಡನೆ ಮೆಲ್ಲನೆ ಹೇಳಿದ ಮೊತ್ತವು ಒಂದು ಎಕರೆ ಅಡಿಕೆ ತೋಟದ ವರ್ಷದ ಹುಟ್ಟುವಳಿಗೆ ಕಡಿಮೆಯಾಗಿರಲಿಲ್ಲ.

ಮಾಸ್ತರರದು ಸಣಕಲು ದೇಹ. ಮಣಿಕಟ್ಟಿನ ಸುತ್ತಳತೆ ಹದಿನೈದೂವರೆ ಸೆಂಟಿಮೀಟರ್. ಗಡಿಯಾರದ ವ್ಯಾಸ 44 ಮಿ.ಮೀ. ಅದನ್ನು ಕಟ್ಟಿಕೊಂಡಾಗ ಪಟ್ಟಿಯನ್ನು ಹಿಡಿಯುವ ನಾಲ್ಕು ಕೊಂಬುಗಳು, ತೋಡಿಗೆ ಅಡ್ಡಲಾಗಿ ಹಾಕಿದ ಸಂಕದಂತೆ, ಕೈಯ ಎರಡು ದಡಗಳನ್ನೂ ದಾಟಿ ಚಾಚಿಕೊಂಡವು. ಕೈ ಮಡಚಿದರೆ ಕೀಲಿಯ ತಿರುಪು ಅಂಗೈಯ ಹಿಂಭಾಗಕ್ಕೆ ಚುಚ್ಚುತ್ತಿತ್ತು. ಒಂದು ಉಪನಯನಕ್ಕೆ ಕಟ್ಟಿಕೊಂಡು ಹೋದರು, ಬಳಿಕ ಅದು ಕಪಾಟು ಸೇರಿತು. ಮಗ ಫೋನಿನಲ್ಲಿ ಮುಖ ನೋಡಿ ಮಾತಾಡುವಾಗಲೆಲ್ಲ, “ಅಪ್ಪಾ, ವಾಚು ಎಲ್ಲಿ?” ಎಂದು ಕೇಳುವನು. “ಈಗಷ್ಟೇ ಸ್ನಾನಕ್ಕೆ ಹೊರಟಿದ್ದೆ” ಎಂದು ಇವರು ಹೇಳುವರು. ಅಪ್ಪ ದಿನಕ್ಕೆ ಎಷ್ಟು ಸ್ನಾನ ಮಾಡುತ್ತಾರೆಂದು ಮಗನಿಗೆ ಸಂಶಯ ಬಂದಿತೋ ಏನೋ. ಕಡೆಗೊಂದು ದಿನ ಮಾಸ್ತರರು ನಮ್ಮೊಡನೆ, “ಮಾರಾಯ್ರೇ, ಇದು ನನ್ನ ಕೈಯದ್ದಲ್ಲ. ಅವನಿಗೆ ಹೇಗೆ ಹೇಳುವುದು?” ಎಂದರು.

ಹೀಗೆ ಈ ವಿಷಯವು ನಮ್ಮ ತಲೆಗೆ ಬಂದಿತು. ಗಲ್ಫಿನಿಂದ ಉಡುಗೊರೆಗಳು ಬರುವ ಮನೆಗಳು ನಮ್ಮ ಗಡಿಸೀಮೆಯಲ್ಲಿ ಅನೇಕ. ಕಪಾಟು ಸೇರಿದ ಗಡಿಯಾರವೂ ಇದೊಂದೇ ಆಗಿರಲಾರದು. ಆದುದರಿಂದ ಈ ತಿಂಗಳು ಇದನ್ನೇ ಬರೆಯುತ್ತಿದ್ದೇವೆ.

ಕ್ರೋನೋಗ್ರಾಫ್ ಎಂದರೆ ಸಮಯವನ್ನು ತೋರಿಸುವುದರ ಜೊತೆಗೆ, ಗುಂಡಿಯನ್ನು ಒತ್ತಿದಾಗ ಓಡುವ, ಮತ್ತೆ ಒತ್ತಿದಾಗ ನಿಲ್ಲುವ ಬೇರೊಂದು ಸೆಕೆಂಡು ಮುಳ್ಳನ್ನೂ ಉಳ್ಳ ಗಡಿಯಾರ. ಕಾಲವನ್ನು ಬರೆಯುವುದು ಎಂಬುದು ಆ ಗ್ರೀಕ್ ಮೂಲದ ಹೆಸರಿನ ಅರ್ಥ. 1821ರಲ್ಲಿ ಪ್ಯಾರಿಸಿನ ಕುದುರೆ ಪಂದ್ಯಗಳಲ್ಲಿ ನಿಕೊಲಾ ರ್ಯೂಸೆಕ್ ಎಂಬವನು ಬಳಸಿದ ಯಂತ್ರವು ನಿಜಕ್ಕೂ ಮುಖದ ಮೇಲೆ ಮಸಿಯ ಚುಕ್ಕೆಯನ್ನಿಟ್ಟು ಬರೆಯುತ್ತಿತ್ತು. ಇಂದು ಮಸಿಯಿಲ್ಲ, ಹೆಸರು ಉಳಿದಿದೆ. ಈ ಎರಡನೆಯ ಕೆಲಸಕ್ಕಾಗಿ ಸಾಧಾರಣ ಗಡಿಯಾರದ ಯಂತ್ರದ ಮೇಲೆ ಇನ್ನೊಂದು ಪದರದಷ್ಟು ಸನ್ನೆಗಳೂ ಚಕ್ರಗಳೂ ಬೇಕಾಗುತ್ತವೆ. ಕೈಯ ಚಲನೆಯಿಂದ ತಾನೇ ಕೀಲಿ ತುಂಬಿಕೊಳ್ಳುವ ಜಾತಿಯದಾದರೆ ಸುತ್ತುವ ತೂಕದ ತುಂಡೊಂದು ಅದರ ಮೇಲೆ ಕೂರುತ್ತದೆ. ಕ್ರೋನೋಗ್ರಾಫುಗಳು ದಪ್ಪವಾಗಿರುವುದು ಇದರಿಂದ. ಸಣ್ಣ ಕೈಯವರ ಕಷ್ಟಕ್ಕೆ ಅರ್ಧ ಕಾರಣವೂ ಇದೇ.

ಉಳಿದರ್ಧಕ್ಕೆ ಕಾರಣ ಅಂಗಡಿಯವರು ಹೇಳುವ ಒಂದೇ ಒಂದು ಸಂಖ್ಯೆ, ಅಂದರೆ ವ್ಯಾಸ. ನಲವತ್ತೋ ನಲವತ್ತೆರಡೋ ಎಂದು ಕೇಳಿ ನಾವು ತಲೆಯಾಡಿಸುತ್ತೇವೆ. ಗಡಿಯಾರವು ಕೈಮೇಲೆ ಕೂರುವುದೋ ಚಾಚುವುದೋ ಎಂಬುದನ್ನು ನಿರ್ಣಯಿಸುವುದು ವ್ಯಾಸವಲ್ಲ. ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದವೇ ಅದನ್ನು ನಿರ್ಣಯಿಸುತ್ತದೆ. ಉದಾಹರಣೆಗೆ ಮೂರು ಹೆಸರುವಾಸಿ ಗಡಿಯಾರಗಳನ್ನು ನೋಡೋಣ. ಝೆನಿತ್ ಕಂಪೆನಿಯ ಕ್ರೋನೋಮಾಸ್ಟರ್ ಒರಿಜಿನಲ್ ಎಂಬುದರ ವ್ಯಾಸ 38 ಮಿ.ಮೀ., ಕೊಂಬಿನಿಂದ ಕೊಂಬಿಗೆ ಸುಮಾರು 46. ರೋಲೆಕ್ಸ್ ಡೇಟೋನಾದ ವ್ಯಾಸ 40, ಕೊಂಬಿನ ಅಳತೆ ಸುಮಾರು 47. ಒಮೇಗಾ ಸ್ಪೀಡ್‌ಮಾಸ್ಟರ್ ಪ್ರೊಫೆಷನಲ್‌ನದು ವ್ಯಾಸ 42, ಕೊಂಬಿನ ಅಳತೆ ಸುಮಾರು 48. ವ್ಯಾಸದಲ್ಲಿ ನಾಲ್ಕು ಮಿ.ಮೀ. ಅಂತರವಿರುವಲ್ಲಿ ಕೈಮೇಲಿನ ಉದ್ದದಲ್ಲಿ ಇರುವುದು ಎರಡೇ. ದಪ್ಪದಲ್ಲಂತೂ ಲೆಕ್ಕ ತಲೆಕೆಳಗಾಗುತ್ತದೆ: ಡೇಟೋನಾ ಸುಮಾರು 12 ಮಿ.ಮೀ. ಇದ್ದರೆ, ಅದಕ್ಕಿಂತ ಕಿರಿದಾದ ಝೆನಿತ್ 13ರ ಹತ್ತಿರ. 38 ಎಂದೊಡನೆ ಸಣ್ಣದೆಂದೂ 42 ಎಂದೊಡನೆ ದೊಡ್ಡದೆಂದೂ ತೀರ್ಮಾನಿಸುವವರು ಎರಡೂ ಕಡೆ ಮೋಸ ಹೋಗುತ್ತಾರೆ.

ಹಾಗಾದರೆ ಅಳೆಯುವುದು ಹೇಗೆ? ನೂಲು ಸುತ್ತಿ ಸುತ್ತಳತೆ ನೋಡುವುದು ಎಲ್ಲರಿಗೂ ಗೊತ್ತು. ಅದು ಪಟ್ಟಿಗೆ ಬೇಕಾದ ಅಳತೆ. ಗಡಿಯಾರಕ್ಕೆ ಬೇಕಾದುದು ಬೇರೆ. ಕೈಯನ್ನು ಮೇಜಿನ ಮೇಲೆ ಬೋರಲಾಗಿರಿಸಿ, ಮಣಿಕಟ್ಟಿನ ಮೇಲ್ಭಾಗವು ಸಮತಟ್ಟಾಗಿರುವಷ್ಟು ಅಗಲವನ್ನು, ಅದು ಬದಿಗೆ ಇಳಿಯತೊಡಗುವ ಜಾಗದವರೆಗೆ, ಮಕ್ಕಳ ಅಡಿಕೋಲಿನಿಂದ ಅಳೆಯಿರಿ. ಒಂದೇ ಸುತ್ತಳತೆಯ ಇಬ್ಬರಲ್ಲಿ ಒಬ್ಬರ ಕೈ ಹಲಗೆಯಂತೆ ಚಪ್ಪಟೆಯಾಗಿಯೂ ಇನ್ನೊಬ್ಬರದು ಬೆತ್ತದಂತೆ ದುಂಡಗೂ ಇರಬಹುದು. ಮಾಸ್ತರರದು ಚಪ್ಪಟೆ ಕೈ, ಅಡಿಕೋಲು 47 ಮಿ.ಮೀ. ತೋರಿಸಿತು. ಕಪಾಟಿನಲ್ಲಿದ್ದ ಗಡಿಯಾರವನ್ನು ಕೊಂಬಿನಿಂದ ಕೊಂಬಿಗೆ ಅಳೆದೆವು: 53. ಆರು ಮಿ.ಮೀ. ಎಂದರೆ ಹೇಳುವುದಕ್ಕೆ ಅಲ್ಪವೇ. ಕೈಯಲ್ಲಿ ಕಟ್ಟಿಕೊಂಡವನಿಗೆ ಅದು ಅಲ್ಪವಲ್ಲ.

ಕೊಂಡ ಮೇಲೆ ಅಳೆಯುವುದಕ್ಕಿಂತ ಮೊದಲೇ ಅಳೆಯಲು ನಾವು ಕಂಡುಕೊಂಡ ಉಪಾಯವೊಂದಿದೆ. ಹಳೆಯ ಮದುವೆ ಕಾಗದದ ದಪ್ಪ ರಟ್ಟಿನಿಂದ, ನೋಡಿಟ್ಟ ಗಡಿಯಾರದ ವ್ಯಾಸದಷ್ಟು ಅಗಲದ, ಕೊಂಬಿನ ಅಳತೆಯಷ್ಟು ಉದ್ದದ ತುಂಡೊಂದನ್ನು ಕತ್ತರಿಸಿ, ರಬ್ಬರ್ ಬ್ಯಾಂಡಿನಿಂದ ಕೈಗೆ ಕಟ್ಟಿ ಅರ್ಧ ದಿನ ಓಡಾಡುವುದು. ಮನೆಯವರು ನಕ್ಕರೆ ನಗಲಿ. ರಟ್ಟು ದಪ್ಪವನ್ನು ತೋರಿಸುವುದಿಲ್ಲ ಎಂಬುದು ನಿಜ. ಅದಕ್ಕೆ ಬೆಂಕಿಪೆಟ್ಟಿಗೆಯನ್ನು ನೆನೆಯಿರಿ, ನಮ್ಮ ಸಾಧಾರಣ ಬೆಂಕಿಪೆಟ್ಟಿಗೆಯಷ್ಟು ದಪ್ಪ ಕೈಮೇಲೆ ಕೂರಲಿದೆ. ದಪ್ಪದಲ್ಲಿಯೂ ಒಂದು ಸೂಕ್ಷ್ಮವುಂಟು. ಗುಮ್ಮಟದಂತೆ ಉಬ್ಬಿದ ಗಾಜಿನಿಂದ ಬಂದ ದಪ್ಪವು ಕಣ್ಣಿಗೆ ಹೊಡೆಯುವುದಿಲ್ಲ. ಲೋಹದ ಗೋಡೆಯೇ ನೆಟ್ಟಗೆ ಎದ್ದಿದ್ದರೆ ಅಂಗಿಯ ತೋಳು ದಿನವೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ.

ಉಕ್ಕಿನ ಸರಪಳಿಯ ವಿಚಾರದಲ್ಲಿ ಎರಡು ಮಾತು. ಕೆಲವು ಸರಪಳಿಗಳ ಮೊದಲ ಕೊಂಡಿ ಗಟ್ಟಿಯಾಗಿ ಕೊಂಬಿನಿಂದ ಮುಂದಕ್ಕೆ ಚಾಚಿರುತ್ತದೆ, ಮಡಚುವುದಿಲ್ಲ. ಆಗ ಕಾಗದದಲ್ಲಿ 46 ಎಂದಿದ್ದರೂ ಕೈಮೇಲೆ 50ರ ಹಾಗೆ ಕೂರುತ್ತದೆ. ಇನ್ನೊಂದು, ಸಣ್ಣ ಕೈಗೆಂದು ಒಂದೇ ಬದಿಯ ಕೊಂಡಿಗಳನ್ನೆಲ್ಲ ತೆಗೆದುಬಿಟ್ಟರೆ ಬೀಗವು ಕೈಯಡಿಯ ಮಧ್ಯಕ್ಕೆ ಬಾರದೆ ಬದಿಗೆ ಸರಿದು, ಗಡಿಯಾರವೇ ವಾಲತೊಡಗುತ್ತದೆ. ಎರಡೂ ಬದಿಯಿಂದ ಸರಿಸಮ ತೆಗೆಯುವಂತೆ ಹೇಳಬೇಕು. ಚರ್ಮದ ಪಟ್ಟಿ ಸಣ್ಣ ಕೈಗೆ ಹೆಚ್ಚು ಒಗ್ಗುತ್ತದೆ. ಆದರೆ ನಮ್ಮ ಕರಾವಳಿಯ ಬೆವರಿಗೂ ಆಟಿಯ ತೇವಕ್ಕೂ ಅದು ಬಹುಕಾಲ ಬಾಳದು. ನೀಲಗಿರಿಯ ಓದುಗರು ಧಾರಾಳವಾಗಿ ಚರ್ಮವನ್ನೇ ಕಟ್ಟಿಕೊಳ್ಳಬಹುದು.

ಸಣ್ಣ ಗಡಿಯಾರ ಗಂಡಸಿಗೆ ಶೋಭಿಸದು ಎಂದು ದುಬೈಯ ಅಂಗಡಿಯವರೊಬ್ಬರು ಮಾಸ್ತರರ ಮಗನಿಗೆ ಹೇಳಿದ್ದರಂತೆ. ಈ ಮಾತಿಗೆ ನಮ್ಮ ಆಕ್ಷೇಪವಿದೆ. ನಮ್ಮ ತಲೆಮಾರಿನವರ ಎಚ್.ಎಂ.ಟಿ. ಜನತಾ ಸುಮಾರು 35 ಮಿ.ಮೀ. ಇದ್ದಿತು, ಯಾರ ಗಂಡಸುತನಕ್ಕೂ ಅದರಿಂದ ಕುಂದು ಬಂದುದಿಲ್ಲ. ಸ್ವಿಸ್ ಗಡಿಯಾರಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಕ್ರೋನೋಗ್ರಾಫಿನೊಂದಿಗೆ ಶಾಶ್ವತ ಪಂಚಾಂಗವನ್ನೂ ಅಡಕಿಸಿ 1941ರಲ್ಲಿ ಪಾಟೆಕ್ ಫಿಲಿಪ್ ಹೊರತಂದ 1518 ಎಂಬ ಗಡಿಯಾರದ ವ್ಯಾಸ 35 ಮಿ.ಮೀ. ಅದರ ಉಕ್ಕಿನ ಪ್ರತಿಯೊಂದು 2016ರಲ್ಲಿ ಜಿನೀವಾದ ಹರಾಜಿನಲ್ಲಿ ಒಂದು ಕೋಟಿ ಹತ್ತು ಲಕ್ಷ ಸ್ವಿಸ್ ಫ್ರಾಂಕುಗಳಿಗೆ ಹೋಯಿತು. ನಟ ಪಾಲ್ ನ್ಯೂಮನ್‌ಗೆ ಪತ್ನಿ ಜೋನ್ ವುಡ್‌ವರ್ಡ್ ಉಡುಗೊರೆಯಾಗಿ ಕೊಟ್ಟ ಡೇಟೋನಾ ಸುಮಾರು 37 ಮಿ.ಮೀ. ಗಾತ್ರದ್ದು. ಗಂಡನಿಗೆ ಕಾರ್ ಪಂದ್ಯದ ಹುಚ್ಚಿದ್ದುದರಿಂದ, ಜೋಪಾನವಾಗಿ ಓಡಿಸು ಎಂಬ ಮಾತನ್ನು ಆಕೆ ಅದರ ಹಿಂಬದಿಯಲ್ಲಿ ಕೊರೆಸಿದ್ದಳು. 2017ರಲ್ಲಿ ಅದು ನ್ಯೂಯಾರ್ಕಿನಲ್ಲಿ ಒಂದು ಕೋಟಿ ಎಪ್ಪತ್ತೇಳು ಲಕ್ಷ ಡಾಲರಿಗೆ ಮಾರಾಟವಾಯಿತು. ಡೇಟೋನಾ 40 ಮಿ.ಮೀ.ಗೆ ಬೆಳೆದುದು 1988ರಲ್ಲಿ. 1957ರ ಮೊದಲ ಸ್ಪೀಡ್‌ಮಾಸ್ಟರ್ 39 ಮಿ.ಮೀ.ಗೂ ತುಸು ಕಡಿಮೆ. 1969ರಲ್ಲಿ ಚಂದ್ರನ ಮೇಲೆ ಹೋದುದು 42ರದೇ ಎಂದು ಯಾರಾದರೂ ವಾದಿಸಿದರೆ, ಆಲ್ಡ್ರಿನ್ ಅದನ್ನು ಕಟ್ಟಿಕೊಂಡುದು ಬರಿಗೈಗಲ್ಲ, ಉಬ್ಬಿದ ವ್ಯೋಮ ಉಡುಪಿನ ತೋಳಿನ ಮೇಲೆ ಎಂದು ನೆನಪಿಸಿರಿ.

ಹೊಸೂರಿನಿಂದ ವೈದ್ಯೆಯೊಬ್ಬರು ಬರೆದ ಪತ್ರವೂ ನಮ್ಮ ಮುಂದಿದೆ. ಅವರ ಮಣಿಕಟ್ಟು ಹದಿನಾಲ್ಕು ಸೆಂ.ಮೀ. ಇಪ್ಪತ್ತೈದು ವರ್ಷಗಳ ವೃತ್ತಿಯ ನೆನಪಿಗೆ, ತಮ್ಮದೇ ಗಳಿಕೆಯಿಂದ, ನಾಡಿ ಎಣಿಸುವ ಅಳತೆಪಟ್ಟಿಯುಳ್ಳ ಕ್ರೋನೋಗ್ರಾಫ್ ಕೊಳ್ಳಬೇಕೆಂದು ಬೆಂಗಳೂರಿನ ಅಂಗಡಿಗೆ ಹೋದರೆ, ಮೂರು ಸಲವೂ ಅವರ ಮುಂದೆ ಹರಳು ಕೂರಿಸಿದ ಬಳೆಯಂಥ ಗಡಿಯಾರಗಳ ತಟ್ಟೆಯನ್ನೇ ಇಟ್ಟರಂತೆ. ಟೈಟಾನ್ ಕಾರ್ಖಾನೆಯ ಊರಿನವರಿಗೆ ಗಡಿಯಾರದ ವಿಷಯದಲ್ಲಿ ಹೀಗಾಗಬಾರದಿತ್ತು! ನಾಡಿಯ ಅಳತೆಪಟ್ಟಿ ಬಲು ಸೊಗಸಾದ ಕಲ್ಪನೆ: ಮೊದಲ ಬಡಿತಕ್ಕೆ ಗುಂಡಿ ಒತ್ತಿ, ಮುಖದ ಮೇಲೆ ಬರೆದಿರುವಂತೆ ಹದಿನೈದೋ ಮೂವತ್ತೋ ಬಡಿತ ಎಣಿಸಿ ನಿಲ್ಲಿಸಿದರೆ, ಮುಳ್ಳು ನಿಂತಲ್ಲಿ ನಿಮಿಷದ ಲೆಕ್ಕ ಸಿದ್ಧವಾಗಿರುತ್ತದೆ, ಗುಣಾಕಾರ ಬೇಡ. ಹೆಂಗಸರಿಗೆ ಈ ಯಂತ್ರಗಳು ಹೇಳಿಸಿದುವಲ್ಲ ಎನ್ನುವವರಿಗೆ ಒಂದು ಉತ್ತರವಿದೆ. ಪಾಟೆಕ್ ಫಿಲಿಪ್ ತಾನೇ ಪೂರ್ತಿಯಾಗಿ ರೂಪಿಸಿದ, ಕೈಯಿಂದ ಕೀಲಿ ಕೊಡುವ ತನ್ನ ಹೊಸ ಕ್ರೋನೋಗ್ರಾಫ್ ಯಂತ್ರವನ್ನು 2009ರಲ್ಲಿ ಮೊದಲಿಗೆ ಇರಿಸಿದುದು ಸ್ತ್ರೀಯರ ಗಡಿಯಾರವೊಂದರಲ್ಲಿ.

ಆ ತಾಯಿಗೆ ನಮ್ಮ ಸಲಹೆ ಇಷ್ಟು. ಕೊಂಬಿನ ಅಳತೆ 43 ಅಥವಾ 44ರ ಮೇಲೆ ಹೋಗುವುದು ಬೇಡ. ಈಗಿನ ಗಡಿಯಾರಗಳಲ್ಲಿ ಅಷ್ಟು ಚಿಕ್ಕ ಕ್ರೋನೋಗ್ರಾಫುಗಳು ವಿರಳವಾದುದರಿಂದ 1940ರಿಂದ 60ರ ದಶಕಗಳ ಹಳೆಯವನ್ನು ನೋಡಬಹುದು. ಅವುಗಳಲ್ಲಿ 34, 35, 36ರವು ಬೇಕಾದಷ್ಟು. ಆದರೆ ಹಳೆಯ ಗಡಿಯಾರದ ಮುಖಕ್ಕೆ ಹೊಸ ಬಣ್ಣ ಬಳಿದು ಮಾರುವವರಿದ್ದಾರೆ, ಒಳಗಿನ ಯಂತ್ರವೂ ಬೇರೆಯದಾಗಿರಬಹುದು. ಹಿಂಬದಿ ಬಿಚ್ಚಿ ತೋರಿಸಲೊಪ್ಪದವರಲ್ಲಿ ವ್ಯಾಪಾರ ಬೇಡ. ಅದನ್ನು ಕಟ್ಟಿಕೊಂಡು ಕೈ ತೊಳೆಯುವಾಗ ಎಚ್ಚರ ಬೇಕು. ಹೊಸದಾದರೂ ನೀರಿನಲ್ಲಿ ಗುಂಡಿ ಒತ್ತತಕ್ಕದ್ದಲ್ಲ.

ದುರಸ್ತಿಯ ಖರ್ಚನ್ನೂ ಮೊದಲೇ ಎಣಿಸಿಡಿ. ಈ ಯಂತ್ರಗಳನ್ನು ಕೆಲವು ವರ್ಷಗಳಿಗೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಬೇಕು. ಪೇಟೆಯ ಮೂಲೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕುಳಿತ ನಮ್ಮ ವಾಚು ರಿಪೇರಿಯವರು ಎಷ್ಟೇ ನಿಪುಣರಾದರೂ ಬಿಡಿಭಾಗಗಳು ಅವರಿಗೆ ದೊರೆಯುವುದಿಲ್ಲ. ವಿದೇಶದಿಂದ ತರುವವರು ಬಿಲ್ಲನ್ನು ಜೋಪಾನವಾಗಿಟ್ಟುಕೊಂಡು ಸುಂಕದ ಅಧಿಕಾರಿಗಳಿಗೆ ತಾವಾಗಿಯೇ ತೋರಿಸುವುದು ಲೇಸು.

ಮಾಸ್ತರರ ಮಗನಿಗೆ ನಾವೇ ಪತ್ರ ಬರೆದೆವು. ಎರಡು ಅಳತೆಗಳನ್ನೂ ಬರೆದು, ಮದುವೆ ಕಾಗದದ ತುಂಡೊಂದನ್ನೂ ಲಕೋಟೆಯೊಳಗಿಟ್ಟೆವು. ಆತ ಬೇಸರಿಸಲಿಲ್ಲ. “ಅಪ್ಪ ಇಷ್ಟು ದಿನ ನನಗಾಗಿ ಸ್ನಾನ ಮಾಡಿದರೇ?” ಎಂದು ನಕ್ಕನಂತೆ. ಕೊಂಡಿಗಳನ್ನು ತೆಗೆಸಿದ್ದರಿಂದ ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಬೇರೊಬ್ಬರಿಗೆ ಮಾರಿದಾಗ ಕೊಂಡ ಬೆಲೆಯ ಮುಕ್ಕಾಲು ಪಾಲೂ ಕೈಗೆ ಬರಲಿಲ್ಲ. ಅದಕ್ಕೆ ಇನ್ನಷ್ಟು ಸೇರಿಸಿ, ರಟ್ಟಿನ ತುಂಡನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ, ನಾವು ಮೇಲೆ ಹೇಳಿದ 38 ಮಿ.ಮೀ.ನ ಝೆನಿತನ್ನು ಆರಿಸಿ ತಂದನು. ಆ ಮಾದರಿಯ ಗುಂಡಿ ಒತ್ತಿದರೆ ನಡುಮುಳ್ಳು ಹತ್ತೇ ಸೆಕೆಂಡಿನಲ್ಲಿ ಒಂದು ಸುತ್ತು ಬರುತ್ತದೆ, ಸೆಕೆಂಡಿನ ಹತ್ತನೆಯ ಒಂದಂಶವನ್ನು ಬರಿಗಣ್ಣಿನಿಂದ ಓದಬಹುದು.

ಕಳೆದ ಶಾಲಾ ಕ್ರೀಡೋತ್ಸವಕ್ಕೆ ಮಾಸ್ತರರನ್ನು ಅತಿಥಿಯಾಗಿ ಕರೆದಿದ್ದರು. ನೂರು ಮೀಟರ್ ಓಟ ಆರಂಭವಾದೊಡನೆ ಅವರು ವೇದಿಕೆಯಿಂದಿಳಿದು ಗುರಿಗೆರೆಯ ಬಳಿ ಹೋಗಿ ನಿಂತರು. ಓಟ ಮುಗಿದ ಮೇಲೆ ಕೈಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಇದರ ಮುಳ್ಳು ನನ್ನ ಮಕ್ಕಳಿಗಿಂತ ಜೋರು ಓಡುತ್ತದೆ ಮಾರಾಯ್ರೇ” ಎಂದರು ನಮ್ಮೊಡನೆ. ಬಳಿಕ ಗೆದ್ದ ಹುಡುಗನನ್ನು ಕರೆದು ಅವನ ಸಮಯವನ್ನು ಹತ್ತನೆಯ ಅಂಶದ ಸಮೇತ ಹೇಳಿದರು. ಅವನು ಸಮಯವನ್ನು ಕೇಳಿಸಿಕೊಂಡನೋ ಇಲ್ಲವೋ, ಅವನ ಕಣ್ಣು ಗಡಿಯಾರದ ಮೇಲೆಯೇ ಇದ್ದಿತು. ಮಾಸ್ತರರು ಅದನ್ನು ಬಿಚ್ಚಿ ಅವನ ಕೈಮೇಲೆ ಇರಿಸಿದರು.