ಪೆಪ್ಪರ್‌ಮಿಂಟ್ ಎಣ್ಣೆ: ಚಮಚಕ್ಕೊಂದು ಹನಿ

ಲಂಡನ್ನಿನ ಟೂಟಿಂಗ್‌ನ ದಕ್ಷಿಣ ಭಾರತೀಯ ಹೋಟೆಲುಗಳನ್ನು ದಾಟಿ ಬಸ್ಸಿನಲ್ಲಿ ಇನ್ನಷ್ಟು ಮುಂದೆ ಹೋದರೆ ಮಿಚಮ್ ಸಿಗುತ್ತದೆ. ಈಗ ಮರ್ಟನ್ ಬರೋಗೆ ಸೇರಿದ ಈ ಊರು ಒಂದು ಕಾಲಕ್ಕೆ ಲ್ಯಾವೆಂಡರ್ ಮತ್ತು ಪೆಪ್ಪರ್‌ಮಿಂಟ್ ಹೊಲಗಳಿಗೆ ಹೆಸರುವಾಸಿ. 1749ರಲ್ಲಿ ಶುರುವಾದ ಪಾಟರ್ ಅಂಡ್ ಮೂರ್ ಸಂಸ್ಥೆ ಇಲ್ಲಿ ಗಿಡಗಳನ್ನು ಭಟ್ಟಿ ಇಳಿಸಿ ಎಣ್ಣೆ ತೆಗೆಯುತ್ತಿತ್ತು. ಪೆಪ್ಪರ್‌ಮಿಂಟ್ ಎರಡು ಜಾತಿಯ ಪುದೀನ ಕೂಡಿ ಹುಟ್ಟಿದ ಮಿಶ್ರತಳಿ. ಅದರ ಬೀಜ ನೆಚ್ಚಿ ಬಿತ್ತುವಂತಿಲ್ಲ, ಬೇರು ಬಿಟ್ಟ ತುಂಡುಗಳನ್ನೇ ನೆಡಬೇಕು. ಅಂಥ ತುಂಡುಗಳು ಇಲ್ಲಿಂದ ಅಮೆರಿಕಕ್ಕೂ ಹೋದವು. ‘ಬ್ಲ್ಯಾಕ್ ಮಿಚಮ್’ ತಳಿಯ ಎಣ್ಣೆಗೆ ಇವತ್ತಿಗೂ ಮರ್ಯಾದೆಯಿದೆ. ಮಿಚಮ್‌ನ ಹೊಲಗಳಲ್ಲಿ ಮಾತ್ರ ಈಗ ಮನೆಗಳು ಎದ್ದಿವೆ.

ಪೆಪ್ಪರ್‌ಮಿಂಟ್ ಎಣ್ಣೆಯ ಪುಟ್ಟ ಬಾಟಲಿಗಳು ಈಗ ಲಂಡನ್ನಿನ ಔಷಧಿ ಅಂಗಡಿಗಳಲ್ಲೆಲ್ಲ ಸುಲಭವಾಗಿ ಸಿಗುತ್ತವೆ. ತಲೆನೋವಿಗೆ, ಬೆನ್ನಿಗೆ, ಕಟ್ಟಿದ ಮೂಗಿಗೆ ಎಂದು ನಮ್ಮ ಮನೆಗಳಿಗೂ ಬಂದಿವೆ. ಅಡುಗೆಮನೆಯಲ್ಲಿ ಪುದೀನ ಸೊಪ್ಪನ್ನು ಹಿಡಿಹಿಡಿಯಾಗಿ ಬಳಸುವ ನಮಗೆ ಅದರ ಎಣ್ಣೆಯೂ ಸಾಧುವಾದದ್ದೇ ಇರಬೇಕು ಅನ್ನಿಸುವುದು ಸಹಜ. ಆದರೆ ನೂರು ಕಿಲೋ ಹಸಿ ಗಿಡ ಭಟ್ಟಿಗೆ ಹಾಕಿದರೆ ಅರ್ಧ ಕಿಲೋ ಎಣ್ಣೆ ಬರುವುದೂ ಕಷ್ಟ. ಒಂದೊಂದು ಹನಿಯಲ್ಲಿ ಎಷ್ಟು ಸೊಪ್ಪಿನ ಸಾರ ಅಡಗಿದೆ ಎಂಬುದನ್ನು ಇದರಿಂದಲೇ ಊಹಿಸಬಹುದು.

ಈ ಎಣ್ಣೆಯಲ್ಲಿ ಸಾಮಾನ್ಯವಾಗಿ ಶೇ 30ರಿಂದ 55ರಷ್ಟು ಮೆಂಥಾಲ್ ಇರುತ್ತದೆ. ಚರ್ಮದ ನರಗಳಲ್ಲಿ ಚಳಿಯನ್ನು ಗುರುತಿಸುವ ಒಂದು ಪ್ರೋಟೀನ್ ಇದೆ. ವಿಜ್ಞಾನಿಗಳು 2002ರಲ್ಲಿ ಅದನ್ನು ಪತ್ತೆ ಮಾಡಿದರು. ಆ ಕೆಲಸದಲ್ಲಿದ್ದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ ಉಷ್ಣ ಮತ್ತು ಸ್ಪರ್ಶದ ಸಂಶೋಧನೆಗಾಗಿ 2021ರ ನೊಬೆಲ್ ಸಿಕ್ಕಿತು. ಮೆಂಥಾಲ್ ತಾಕಿದರೆ ಈ ಪ್ರೋಟೀನ್ ಚಳಿ ತಾಕಿದಂತೆಯೇ ಕೆಲಸ ಮಾಡುತ್ತದೆ. ಚರ್ಮ ನಿಜಕ್ಕೂ ತಣ್ಣಗಾಗಿರುವುದಿಲ್ಲ, ಮಿದುಳಿಗೆ ಮಾತ್ರ ತಂಪಿನ ಸುದ್ದಿ ಮುಟ್ಟುತ್ತದೆ. ಡಿಸೆಂಬರಿನ ಲಂಡನ್ನಿನಲ್ಲಿ ಮೈಗೆಲ್ಲ ಹಚ್ಚಿಕೊಂಡವರು ಗಡಗಡ ನಡುಗುವುದು ಇದರಿಂದ. ಹಾಗೆಂದು ಮೇಲೆ ಬಿಸಿನೀರಿನ ಚೀಲ ಇಟ್ಟುಕೊಳ್ಳುವುದು ಇನ್ನೂ ಅಪಾಯ. ಮೆಂಥಾಲ್ ಇರುವ ನೋವಿನ ಮುಲಾಮುಗಳಿಂದ ಅಪರೂಪಕ್ಕೆ ಚರ್ಮ ಸುಟ್ಟು ಗಾಯವಾಗುತ್ತದೆ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಎಚ್ಚರಿಸಿತ್ತು. ಹಚ್ಚಿದ ಜಾಗಕ್ಕೆ ಶಾಖ ಕೊಡಬೇಡಿ, ಬಿಗಿಯಾಗಿ ಪಟ್ಟಿ ಕಟ್ಟಬೇಡಿ ಎಂದೂ ಹೇಳಿತ್ತು.

ಅಳತೆಯ ಲೆಕ್ಕ ಸುಲಭ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ. ಐದು ಮಿಲಿ ಹಿಡಿಯುವ ಟೀ ಚಮಚದ ತುಂಬ ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಅಥವಾ ಬಾದಾಮಿ ಎಣ್ಣೆಗೆ ಒಂದು ಹನಿ ಸೇರಿಸಿದರೆ ಶೇ 1ರ ಮಿಶ್ರಣವಾಯಿತು. ಆರೋಗ್ಯವಂತ ದೊಡ್ಡವರ ಮೈಕೈ ತಿಕ್ಕಲು ಇಷ್ಟು ಸಾಕು. ಹೆಗಲಿನಂಥ ಒಂದೇ ಜಾಗಕ್ಕಾದರೆ ಎರಡು ಹನಿ, ಹೆಚ್ಚೆಂದರೆ ಮೂರು. ಬೇರೆ ಸಾರತೈಲ ಬೆರೆಸುವುದಿದ್ದರೆ ಎಲ್ಲದರ ಹನಿ ಸೇರಿಯೇ ಈ ಲೆಕ್ಕ. ಜರ್ಮನಿಯಲ್ಲಿ ತಲೆನೋವಿಗೆ ಹಣೆಗೆ ಹಚ್ಚಲು ಶೇ 10ರ ದ್ರಾವಣವೇ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ಪರವಾನಗಿ ಪಡೆದ, ಅಳೆದು ತಯಾರಿಸಿದ ಔಷಧಿ, ಹಚ್ಚುವುದು ಹಣೆಯ ಅಷ್ಟಗಲಕ್ಕೆ ಮಾತ್ರ. ಬೆನ್ನು, ತೊಡೆಗಳಿಗೆಲ್ಲ ಹಚ್ಚಲು ಅದನ್ನು ಮಾದರಿ ಮಾಡಿಕೊಳ್ಳಬಾರದು.

ಬಾಟಲಿಯ ಮೇಲಿನ ಸಸ್ಯದ ಹೆಸರನ್ನೂ ಓದಿ. ಪೆಪ್ಪರ್‌ಮಿಂಟ್ ಎಂದರೆ ಮೆಂಥಾ ಪೈಪರಿಟಾ. ಊರಿಂದ ತಂದ ಪುದೀನ ಎಣ್ಣೆ ಬಹಳ ಸಲ ಉತ್ತರ ಪ್ರದೇಶದ ಬಾರಾಬಂಕಿಯ ಕಡೆ ಬೆಳೆಯುವ ಮೆಂಥಾ ಆರ್ವೆನ್ಸಿಸ್‌ನದು. ಅದರಲ್ಲಿ ಮೆಂಥಾಲ್ ಶೇ 70 ದಾಟುವುದುಂಟು. ಹನಿಗಳ ಲೆಕ್ಕ ಒಂದೇ ಆದರೂ ಮೈಗೆ ಹತ್ತುವ ಮೆಂಥಾಲ್ ಸುಮಾರು ಒಂದೂವರೆ ಪಟ್ಟು.

ನನ್ನನ್ನು ನಿಜಕ್ಕೂ ಆತಂಕಕ್ಕೆ ದೂಡುವುದು ಎಳೆಗೂಸುಗಳ ವಿಚಾರ. ಬಾಣಂತನಕ್ಕೆಂದು ಊರಿಂದ ಬರುವ ಅಜ್ಜಿಯರು ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು ಹ್ಯಾರೋದಲ್ಲೂ ಕ್ರಾಯ್ಡನ್‌ನಲ್ಲೂ ನಡೆದುಬಂದಿದೆ. ಬರೀ ಎಣ್ಣೆಯಲ್ಲಿ ಹಗುರ ಕೈಯಿಂದ ತಿಕ್ಕುವ ಅಜ್ಜಿಯ ಬಗ್ಗೆ ನನ್ನ ತಕರಾರಿಲ್ಲ. ಮಗುವಿಗೆ ನೆಗಡಿಯಾದಾಗ ಆ ಎಣ್ಣೆಗೆ ಒಂದು ಹನಿ ಪೆಪ್ಪರ್‌ಮಿಂಟ್ ಬಿತ್ತೋ, ಅಪಾಯ ಶುರು. ಮೆಂಥಾಲ್‌ನ ಆವಿ ಹಸುಳೆಯ ಮೂಗಿಗೆ ಬಡಿದರೆ ಗಂಟಲಿನ ಶ್ವಾಸದ್ವಾರ ತಟ್ಟನೆ ಬಿಗಿದುಕೊಂಡು ಉಸಿರು ನಿಲ್ಲಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಬಳಸಲೇಬಾರದು ಎಂದು ಯುರೋಪಿನ ಔಷಧಿ ಸಂಸ್ಥೆ ಸ್ಪಷ್ಟವಾಗಿ ಹೇಳುತ್ತದೆ. ಎದೆಗಲ್ಲ, ಅಂಗಾಲಿಗೆ ಎಂಬ ಸಮಾಧಾನವೂ ಬೇಡ, ಕೂಸಿನ ಕಾಲು ಬಾಯಿಗೆ ಹೋಗುವುದು ಎಷ್ಟು ಹೊತ್ತಿನ ಮಾತು? ಬೆಚ್ಚಗಿನ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕುವ ನಮ್ಮ ಹಳೆಯ ರೂಢಿಗೂ ಇದೇ ಮಾತು. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ಹಾಲುಣಿಸುವ ತಾಯಿಯೂ ಎದೆಯ ಭಾಗಕ್ಕೆ ಈ ಎಣ್ಣೆ ಹಚ್ಚಿಕೊಳ್ಳಬಾರದು. ಇದನ್ನು ಅಜ್ಜಿಗೆ ಗದರಿ ಹೇಳಬೇಕಾಗಿಲ್ಲ. ಕಾರಣ ತಿಳಿದರೆ ಬಾಟಲಿಯನ್ನು ಮೊದಲು ಎತ್ತಿಡುವವರು ಅವರೇ.

ದೊಡ್ಡವರಲ್ಲೂ ಬಸುರಿಯರು, ಅಸ್ತಮಾ ಇರುವವರು, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ವೈದ್ಯರನ್ನು ಕೇಳಿಯೇ ಬಳಸಲಿ. ಸ್ನಾನದ ತೊಟ್ಟಿಗೆ ನೇರವಾಗಿ ಹನಿ ಹಾಕಿದರೆ ಎಣ್ಣೆ ನೀರಿನಲ್ಲಿ ಕರಗದೆ ತೇಲಿ, ಸೂಕ್ಷ್ಮ ಜಾಗಗಳಿಗೆ ಅಂಟಿ ಉರಿಯುತ್ತದೆ. ಬೆಕ್ಕು ಸಾಕಿದ ಮನೆಯಲ್ಲಿ ಡಿಫ್ಯೂಸರ್ ಬೇಡ, ಈ ತೈಲಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ.

ಮಸಾಜ್ ಮಾಡಿಸಿಕೊಳ್ಳಲು ಹೊರಗೆ ಹೋಗುವವರಿಗೆ ಒಂದು ಮಾತು. 1991ರ ಲಂಡನ್ ಸ್ಥಳೀಯ ಸಂಸ್ಥೆಗಳ ಕಾಯ್ದೆಯನ್ನು ಜಾರಿಗೆ ತಂದಿರುವ ಬರೋಗಳಲ್ಲಿ ಮಸಾಜ್ ಅಂಗಡಿಗೆ ಕೌನ್ಸಿಲ್‌ನ ಲೈಸೆನ್ಸ್ ಬೇಕು. ಅರೋಮಾಥೆರಪಿ ಮಾಡುವವರು ನೋಂದಾಯಿಸಿಕೊಳ್ಳಲೇಬೇಕೆಂಬ ಕಾನೂನು ಬ್ರಿಟನ್ನಿನಲ್ಲಿಲ್ಲ. 2008ರಲ್ಲಿ ಆರಂಭವಾದ, ಪೂರಕ ಚಿಕಿತ್ಸಕರನ್ನು ನೋಂದಾಯಿಸುವ ಸಿಎನ್‌ಎಚ್‌ಸಿ ಪಟ್ಟಿಗೆ ಸೇರುವುದು ಅವರವರ ಇಷ್ಟ. ಆದ್ದರಿಂದ ಎಷ್ಟು ಹನಿ ಹಾಕಿದ್ದೀರಿ ಎಂದು ಕೇಳಲು ಸಂಕೋಚ ಬೇಡ.

ಮಗು ಎಣ್ಣೆ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದೀತು. ಬಾಟಲಿಯನ್ನು ಕೈಯಲ್ಲಿಟ್ಟುಕೊಂಡು 111ಕ್ಕೆ ಫೋನ್ ಮಾಡಿ. ಉಸಿರಾಟದಲ್ಲಿ ಏರುಪೇರಾದರೆ, ಮಂಪರು ಕವಿದರೆ ತಡಮಾಡದೆ 999.