ಒಂದು ಅಂಕದ ಅಂತರ

ಬುದ್ಧಿಮಾಂದ್ಯರಿಗೆ ಮರಣದಂಡನೆ ಕೂಡದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ತೀರ್ಪಿತ್ತಿತು. ಬುದ್ಧಿಮಾಂದ್ಯರು ಯಾರೆಂದು ಗೊತ್ತುಮಾಡುವ ಕೆಲಸವನ್ನು ಮಾತ್ರ ಆಯಾ ಸಂಸ್ಥಾನಗಳಿಗೇ ಬಿಟ್ಟಿತು. ಫ್ಲಾರಿಡಾ ಸಂಸ್ಥಾನ ಗೆರೆ ಎಳೆಯಿತು: ಬುದ್ಧಿಪರೀಕ್ಷೆಯಲ್ಲಿ 70 ಅಂಕ. ಅದನ್ನು ದಾಟಿದವನ ಪರವಾಗಿ ಬೇರೆ ಸಾಕ್ಷ್ಯವನ್ನೇ ಕೇಳುವಂತಿಲ್ಲ!

ಫ್ರೆಡ್ಡಿ ಲೀ ಹಾಲ್ ಎಂಬವನು 1978ರಲ್ಲಿ ಗರ್ಭಿಣಿಯೊಬ್ಬಳ ಕೊಲೆಯಲ್ಲಿ ಅಪರಾಧಿಯಾದವನು. ಆ ಕೃತ್ಯದ ಕ್ರೌರ್ಯವನ್ನು ಯಾರೂ ಹಗುರ ಮಾಡಲಾರರು. ಆದರೆ ಅವನು ಮಂದಬುದ್ಧಿಯವನೆಂದು ಶಾಲೆಯ ಉಪಾಧ್ಯಾಯರು ಹಲವು ಸಲ ಗುರುತಿಸಿದ್ದರು. ವರ್ಷವಿಡೀ ಮೇಷ್ಟರ ಕಣ್ಣಿಗೆ ಬಿದ್ದದ್ದು ಒಂದೆರಡು ಗಂಟೆಯ ಪರೀಕ್ಷೆಗೆ ಕಾಣದೆ ಹೋಗುವುದುಂಟು. ನ್ಯಾಯಾಲಯ ಲೆಕ್ಕಕ್ಕೆ ಹಿಡಿದ ಅಂಕಗಳಲ್ಲಿ ಕಡಿಮೆಯದು 71. ಒಂದೇ ಅಂಕ ಹೆಚ್ಚು.

ಈ ಪರೀಕ್ಷೆಯ ತಜ್ಞರನ್ನು ಕೇಳಿದರೆ, 71 ಬಂದವನ ನಿಜವಾದ ಅಂಕ 66ರಿಂದ 76ರವರೆಗೆ ಎಲ್ಲಿಯಾದರೂ ಇರಬಹುದೆನ್ನುತ್ತಾರೆ. ಅಂಗಡಿಯ ತಕ್ಕಡಿಯ ಮುಳ್ಳು ಇಷ್ಟು ಅಲುಗಾಡಿದರೆ ತೂಕದ ಇನ್ಸ್‌ಪೆಕ್ಟರು ಸುಮ್ಮನಿರುವರೆ? ಅಕ್ಕಿಬೇಳೆಗೆ ಸಲ್ಲದ ತಕ್ಕಡಿ ಮನುಷ್ಯನ ಪ್ರಾಣಕ್ಕೆ ಸಂದಿತು.

ಸರ್ವೋಚ್ಚ ನ್ಯಾಯಾಲಯ ಈ ಗೆರೆಯನ್ನು 2014ರಲ್ಲಿ ತಳ್ಳಿಹಾಕಿತು. ಅದೂ ಐವರು ಅತ್ತ, ನಾಲ್ವರು ಇತ್ತ. ಹಾಲ್‌ನ ಮರಣದಂಡನೆ ರದ್ದಾದದ್ದು 2016ರಲ್ಲಿ, ಕೊಲೆಯಾಗಿ 38 ವರ್ಷಗಳ ಮೇಲೆ.