ಹಿಂಜರಿತದ ಹಣ ಬೆಂಗ್ರೆಯ ದಡ ಮುಟ್ಟದಿರಲು ಕಾರಣವೇನು?

ಮಂಗಳೂರು: ಆರ್ಥಿಕ ಹಿಂಜರಿತ ಎದುರಾದಾಗಲೆಲ್ಲ ಸರ್ಕಾರಗಳು ಕೈಹಾಕುವುದು ಮೂರು ಸಾಧನಗಳಿಗೆ: ಬಡ್ಡಿದರ ಇಳಿಕೆ, ಗೃಹಸಾಲಕ್ಕೆ ಉತ್ತೇಜನ ಮತ್ತು ಮೂಲಸೌಕರ್ಯಕ್ಕೆ ಹೆಚ್ಚುವರಿ ಹಣ. 2008ರಲ್ಲಿಯೂ 2020ರಲ್ಲಿಯೂ ನಡೆದದ್ದು ಇದೇ. ಈ ಹಣ ಹರಿಯುವ ದಾರಿಯಲ್ಲಿ ಕೆಲವು ಊರುಗಳು ಯಾವಾಗಲೂ ಒಣಗಿಯೇ ಉಳಿಯುತ್ತವೆ. ಮಂಗಳೂರು ನಗರದೊಳಗೇ ಇದ್ದು ನಗರದಿಂದ ನೀರಿನಿಂದ ಬೇರ್ಪಟ್ಟಿರುವ ಬೆಂಗ್ರೆ ಇದಕ್ಕೆ ತಕ್ಕ ನಿದರ್ಶನ.

ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಫಲ್ಗುಣಿ ನದಿ, ತುದಿಯಲ್ಲಿ ನೇತ್ರಾವತಿಯೂ ಬಂದು ಸೇರುವ ಅಳಿವೆ ಬಾಗಿಲು. ಇವುಗಳ ನಡುವಿನ ಹೊಯಿಗೆಯ ಪಟ್ಟಿಯೇ ಬೆಂಗ್ರೆ. ತೋಟ ಬೆಂಗ್ರೆ, ಕಸಬಾ ಬೆಂಗ್ರೆ ಎಂದು ಎರಡು ಭಾಗ. ಮೊಗವೀರರೂ ಬ್ಯಾರಿಗಳೂ ಬಹುಸಂಖ್ಯೆಯಲ್ಲಿರುವ ಇಲ್ಲಿ ಬದುಕು ನಡೆಯುವುದು ಮೀನುಗಾರಿಕೆಯಿಂದ ಮತ್ತು ಎದುರು ದಡದ ಬಂದರ್ ಹಾಗೂ ಧಕ್ಕೆಯ ಕೂಲಿಯಿಂದ. ದೋಣಿಯಲ್ಲಿ ದಾಟಿದರೆ ಕೆಲವೇ ನಿಮಿಷ. ತಣ್ಣೀರುಬಾವಿ, ಪಣಂಬೂರು, ಕೂಳೂರು ಮೂಲಕ ರಸ್ತೆ ಹಿಡಿದರೆ ಹತ್ತು ಕಿ.ಮೀ.ಗೂ ಮಿಕ್ಕಿದ ಸುತ್ತು. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

2008ರ ಜಾಗತಿಕ ಕುಸಿತವನ್ನೇ ಮೊದಲು ನೋಡಬಹುದು. ಆ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೊದಲ ಉತ್ತೇಜಕ ಪ್ಯಾಕೇಜ್ ಪ್ರಕಟಿಸಿತು. 20,000 ಕೋಟಿ ರೂ. ಹೆಚ್ಚುವರಿ ಯೋಜನಾ ವೆಚ್ಚ, ಅಬಕಾರಿ ಸುಂಕದಲ್ಲಿ ಶೇ. 4ರಷ್ಟು ಕಡಿತ, ಮೂಲಸೌಕರ್ಯ ಯೋಜನೆಗಳಿಗೆ ಸಾಲ ಒದಗಿಸಲು 10,000 ಕೋಟಿ ರೂ. ತೆರಿಗೆಮುಕ್ತ ಬಾಂಡ್‌ಗೆ ಅನುಮತಿ ಅದರಲ್ಲಿದ್ದವು. 2008ರ ಅಕ್ಟೋಬರ್‌ನಲ್ಲಿ ಶೇ. 9ರಷ್ಟಿದ್ದ ರೆಪೊ ದರವನ್ನು ರಿಸರ್ವ್ ಬ್ಯಾಂಕ್ 2009ರ ಏಪ್ರಿಲ್ ಹೊತ್ತಿಗೆ ಶೇ. 4.75ಕ್ಕೆ ಇಳಿಸಿತು. ಸಾರ್ವಜನಿಕ ವಲಯದ ಬ್ಯಾಂಕುಗಳು 5 ಲಕ್ಷ ರೂ.ವರೆಗಿನ ಗೃಹಸಾಲವನ್ನು ಗರಿಷ್ಠ ಶೇ. 8.5ರ ಬಡ್ಡಿಗೆ ನೀಡುವುದಾಗಿ ಸಾರಿದವು.

ಐದು ಲಕ್ಷದೊಳಗಿನ ಸಾಲ ಬೇಕಿದ್ದುದು ಬೆಂಗ್ರೆಯಂತಹ ಊರಿನವರಿಗೇ. ಗಲ್ಫ್ ದುಡಿಮೆಯನ್ನೂ ಸಾಗರೋತ್ಪನ್ನ ರಫ್ತನ್ನೂ ನಂಬಿದ ಕರಾವಳಿಗೆ ದುಬೈಯ ಕಟ್ಟಡ ಕಾಮಗಾರಿಗಳು ನಿಂತ ಆ ದಿನಗಳಲ್ಲಿ ಪೆಟ್ಟು ಎರಡು ದಿಕ್ಕಿನಿಂದ ಬಿದ್ದಿತ್ತು. ಆದರೆ ಬ್ಯಾಂಕಿನ ಮೊದಲ ಪ್ರಶ್ನೆ ಬಡ್ಡಿಯದಲ್ಲ, ಜಾಗದ ಕಾಗದಪತ್ರದ್ದು. ತಲೆಮಾರುಗಳಿಂದ ವಾಸವಿದ್ದರೂ ನೆಲ ತಮ್ಮ ಹೆಸರಿನಲ್ಲಿಲ್ಲ ಎಂಬುದು ಬೆಂಗ್ರೆ ನಿವಾಸಿಗಳ ದಶಕಗಳ ಅಳಲು. ಹಕ್ಕುಪತ್ರದ ಭರವಸೆ ಇಲ್ಲಿಗೆ ಚುನಾವಣೆಯೊಂದಿಗೇ ಬರುತ್ತದೆ. ಬಡ್ಡಿ ಶೇ. 8.5 ಇದ್ದರೇನು, 4 ಇದ್ದರೇನು, ಅಡಮಾನಕ್ಕೆ ಇಡಲು ಪತ್ರವೇ ಇಲ್ಲದವನಿಗೆ ಎರಡೂ ಒಂದೇ.

ನಂತರದ ಯೋಜನೆಗಳ ಕಥೆಯೂ ಭಿನ್ನವಲ್ಲ. 2005ರ ಡಿಸೆಂಬರ್‌ನಲ್ಲಿ ಆರಂಭವಾದ ನರ್ಮ್ ಯೋಜನೆಯ ಮಿಷನ್ ನಗರಗಳಲ್ಲಿ ಕರ್ನಾಟಕದಿಂದ ಸ್ಥಾನ ಪಡೆದವು ಬೆಂಗಳೂರು ಮತ್ತು ಮೈಸೂರು ಮಾತ್ರ. ನಗರ ಬಡವರಿಗೆ ಮೂಲಸೌಲಭ್ಯ ನೀಡುವ ಅದರ ದೊಡ್ಡ ಮೊತ್ತ ಮಂಗಳೂರಿಗೆ ದಕ್ಕಲಿಲ್ಲ. 2015ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಸಾಲಕ್ಕೆ 2.67 ಲಕ್ಷ ರೂ.ವರೆಗೆ ಬಡ್ಡಿ ಸಹಾಯಧನವಿತ್ತು. ಸಾಲ ಸಿಕ್ಕವನಿಗಷ್ಟೇ ಸಹಾಯಧನ. ಕಡಿಮೆ ಆದಾಯದವರ ಆ ಸೌಲಭ್ಯ 2022ರ ಮಾರ್ಚ್‌ಗೆ ಮುಗಿಯಿತು. ರಾಜ್ಯದ ‘ಮತ್ಸ್ಯಾಶ್ರಯ’ ಮೀನುಗಾರರಿಗೆಂದೇ ರೂಪಿಸಿದ ವಸತಿ ಯೋಜನೆ. ಅದಕ್ಕೂ ನಿವೇಶನ ಅರ್ಜಿದಾರನದ್ದಾಗಿರಬೇಕು.

ಕೋವಿಡ್ ವರ್ಷದಲ್ಲಿ ರೆಪೊ ದರ ಶೇ. 4ಕ್ಕೆ ಇಳಿಯಿತು. ಕೇಂದ್ರದ 20 ಲಕ್ಷ ಕೋಟಿ ರೂ. ಪ್ಯಾಕೇಜ್‌ನಲ್ಲಿ ಮತ್ಸ್ಯ ಸಂಪದ ಯೋಜನೆಗೆ 20 ಸಾವಿರ ಕೋಟಿ ರೂ. ಘೋಷಣೆಯಾಯಿತು. ಮೊತ್ತ ದೊಡ್ಡದು, ನಿಜ. ಆದರೆ ಅದರ ಬಹುಪಾಲು ಅಂಶಗಳು ಬಂದರು, ಶೈತ್ಯಾಗಾರ, ಆಳಸಮುದ್ರ ದೋಣಿಗಳತ್ತ ಮುಖ ಮಾಡಿವೆ. ಸ್ವಂತ ಬಂಡವಾಳ ಹಾಕಬಲ್ಲವನು ಮಾತ್ರ ಅವುಗಳ ಬಳಿ ಸುಳಿಯಬಹುದು.

ದಡಕ್ಕೆ ಬಂದದ್ದು ಯಾವುದು?

ಮೂಲಸೌಕರ್ಯದ ಹಣ ಬೆಂಗ್ರೆಗೆ ಬಂದೇ ಇಲ್ಲ ಎನ್ನಲಾಗದು. ಸಾಗರಮಾಲಾ ಯೋಜನೆಯಡಿ ಹಳೆ ಬಂದರಿನ ಬೆಂಗ್ರೆ ದಡದಲ್ಲಿ ಕೋಸ್ಟಲ್ ಬರ್ತ್ ನಿರ್ಮಾಣ ಕೈಗೆತ್ತಿಕೊಳ್ಳಲಾಯಿತು. ರಸ್ತೆಯ ಸರಕನ್ನು ಜಲಮಾರ್ಗಕ್ಕೆ ತಿರುಗಿಸುವುದು ಉದ್ದೇಶ. ಇಂತಹ ಬರ್ತ್‌ಗಳ ವೆಚ್ಚದಲ್ಲಿ ಅರ್ಧದವರೆಗೆ ಕೇಂದ್ರ ಅನುದಾನ ನೀಡುತ್ತದೆ. ನಾಡದೋಣಿಗಳನ್ನು ನಿಲ್ಲಿಸುವ, ಬಲೆ ಹರಡುವ ಜಾಗ ಕೈತಪ್ಪುತ್ತದೆಂದು ಕಸಬಾ ಬೆಂಗ್ರೆಯ ಸಾಂಪ್ರದಾಯಿಕ ಮೀನುಗಾರರು ಪ್ರತಿಭಟಿಸಿದರು. ಯೋಜನೆಯ ಉಪಯುಕ್ತತೆ ಇಲ್ಲಿ ಮುಖ್ಯ ತಕರಾರಲ್ಲ. ದಡದ ಮೇಲೆ ಹಕ್ಕು ಯಾರದ್ದೆಂದು ದಾಖಲೆಯಲ್ಲಿ ಇಲ್ಲದಿದ್ದಾಗ, ಜಾಗ ಕಳೆದುಕೊಂಡವನಿಗೆ ಪರಿಹಾರ ಕೇಳಲೂ ಆಧಾರವಿಲ್ಲ. ಹಕ್ಕುಪತ್ರವಿಲ್ಲದ ತೊಂದರೆ ಮನೆಯ ಹೊಸ್ತಿಲು ದಾಟಿ ದೋಣಿಯವರೆಗೂ ಹಬ್ಬುವುದು ಹೀಗೆ.

ಇತ್ತ ನಿವಾಸಿಗಳು ನಿತ್ಯ ಕೇಳುವ ದಾಟುವ ವ್ಯವಸ್ಥೆಯ ಮಾತು ನಿಧಾನ. ಸುಲ್ತಾನ್ ಬತ್ತೇರಿ–ತಣ್ಣೀರುಬಾವಿ ನಡುವಿನ ತೂಗುಸೇತುವೆ ವರ್ಷಗಟ್ಟಲೆ ಸುದ್ದಿಯಲ್ಲೇ ಇತ್ತು. ಅದನ್ನು ಬಣ್ಣಿಸುವಾಗಲೂ ಮೊದಲು ಬರುವ ಪದ ಪ್ರವಾಸೋದ್ಯಮ. ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗಲೂ ನದೀತೀರದ ಕನಸುಗಳಲ್ಲಿ ವಿಹಾರಪಥಕ್ಕೆ ಸಿಕ್ಕ ಮನ್ನಣೆ ನಿತ್ಯದ ದೋಣಿಯಾನಕ್ಕೆ ಸಿಗಲಿಲ್ಲ.

ಹಕ್ಕುಪತ್ರ ನೀಡುವುದು ಸುಲಭವೆಂದೂ ಭಾವಿಸಬೇಕಿಲ್ಲ. ನದಿ, ಕಡಲು, ಬಂದರುಗಳ ಅಂಚಿನ ನೆಲದ ಗಡಿ ಗುರುತಿಸಲು ಇಲಾಖೆಗಳೆಲ್ಲ ಒಟ್ಟಿಗೆ ಕೂರಬೇಕು. ಕರಾವಳಿ ನಿಯಂತ್ರಣ ವಲಯದ ನಿಯಮವೂ ಇದೆ. ಆದರೆ ಅಧಿಕಾರಿಗಳು ಅಡ್ಡಿಯೆಂದು ತೋರಿಸುವ ಅದೇ ನಿಯಮದ 2011ರ ಅಧಿಸೂಚನೆಯಲ್ಲಿ ಒಂದು ಬಾಗಿಲು ತೆರೆದಿತ್ತು. 1991ರ ನಿಯಮದಡಿ ಅವಕಾಶವಿದ್ದೂ ಔಪಚಾರಿಕ ಅನುಮತಿ ಪಡೆಯದ ಮೀನುಗಾರರ ಮನೆಗಳನ್ನು ಸಕ್ರಮಗೊಳಿಸಬಹುದೆಂದು ಅದು ಹೇಳಿತ್ತು. ವಾಣಿಜ್ಯ ಬಳಕೆ ಸಲ್ಲದು, ಹೊರಗಿನವರಿಗೆ ಮಾರುವಂತಿಲ್ಲ ಎಂಬ ಷರತ್ತಿನೊಡನೆ. ಆ ಷರತ್ತಿನ ಮಹತ್ವ ಕಡಲತೀರದ ಜಾಗದ ಬೆಲೆ ಬಲ್ಲವರಿಗೆ ಅರ್ಥವಾಗುತ್ತದೆ. ಷರತ್ತಿಲ್ಲದ ಹಕ್ಕುಪತ್ರ ಎರಡು ಮೀನುಗಾರಿಕೆ ಋತು ಕೆಟ್ಟರೆ ರೆಸಾರ್ಟ್ ದಲ್ಲಾಳಿಯ ಕೈಸೇರಬಹುದು. ತೀರಾ ಬಿಗಿ ಷರತ್ತಿದ್ದರೆ ಬ್ಯಾಂಕ್ ಅದನ್ನು ಅಡಮಾನಕ್ಕೆ ಒಪ್ಪದು. ಮಾರಾಟಕ್ಕೆ ತಡೆ, ಬ್ಯಾಂಕ್ ಸಾಲಕ್ಕೆ ಮಾತ್ರ ವಿನಾಯಿತಿ ಎಂಬ ನಡುದಾರಿಯನ್ನು ಸರ್ಕಾರವೇ ಬರೆಯಬೇಕು.

ಪತ್ರ ಕೈಸೇರಿದ ಮೇಲೂ ಕೆಲಸ ಉಳಿಯುತ್ತದೆ. ಪಾಲಿಕೆಯಲ್ಲಿ ಖಾತೆ ಆಗದೆ, ನಕ್ಷೆಯಲ್ಲಿ ಅಳತೆ ಕೂಡದೆ ಯಾವ ಬ್ಯಾಂಕೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದು. ಸರ್ವೆ, ನಕ್ಷೆ, ಖಾತೆಗೆ ತಗಲುವ ವೆಚ್ಚವನ್ನು ಒಂದು ಬರ್ತ್‌ನ ವೆಚ್ಚದ ಪಕ್ಕದಲ್ಲಿಟ್ಟರೆ ಅದು ಪುಡಿಕಾಸು. ಆದರೂ 2008ರಿಂದ ಈಚೆಗೆ ಬಂದ ಯಾವ ದೊಡ್ಡ ಉತ್ತೇಜಕ ಪ್ಯಾಕೇಜ್‌ನಲ್ಲಿಯೂ ಇಂತಹ ವಸತಿಗಳ ಭೂದಾಖಲೆ ಪ್ರಧಾನ ಬಾಬ್ತಾಗಿ ಕಾಣಿಸಿಕೊಂಡಿಲ್ಲ. ಪ್ರತಿ ವರ್ಷ ಜೂನ್, ಜುಲೈನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಯಾಂತ್ರಿಕ ದೋಣಿಗಳು ದಡ ಸೇರಿರುತ್ತವೆ, ಮನೆಯ ಗಂಡಸರು ಊರಲ್ಲೇ ಇರುತ್ತಾರೆ. ಮಳೆ ಹೊರಪಾಗಿರುವ ದಿನಗಳಲ್ಲಿ ಮನೆಮನೆ ದಾಖಲೆ ಪರಿಶೀಲನೆಗೆ ಬೆಂಗ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಸಮಯ ಬೇರೆ ಇಲ್ಲ.